ಮೋಡಕ್ಕೂ ಒಂದು ದಿನ



ಹೋದ ವರ್ಷ ಸಂಕ್ರಾಂತಿಯ ಮಾರನೆಯ ದಿನ ನನ್ನ ಅಕ್ಕನ ಮಗ ಬೆಂಗಳೂರಿನಿಂದ ಮೈಸೂರಿಗೆ ಬಂದಿದ್ದ. ಎಳ್ಳುಬೆಲ್ಲ ಬಾಯಿಗೆ ಹಾಕಿಕೊಂಡವನೇ ಲ್ಯಾಪ್‌ಟಾಪ್ ಬಿಚ್ಚಿ ನನ್ನ ಮುಂದಿಟ್ಟ. "ಮಾವ, ಮೇ ತಿಂಗಳಲ್ಲಿ ಸ್ವಿಟ್ಜರ್ಲೆಂಡಿಗೆ ಹೋಗೋಣ ಅಂತಿದ್ದೀವಿ. ಅಮ್ಮನೂ ಬರ್ತಾಳೆ. ನೀವು ಎರಡು ಸಲ ಹೋಗಿಬಂದೋರು, ಸ್ವಲ್ಪ ಕಣ್ಣಾಡಿಸಿ" ಅಂದ.

ಪರದೆಯ ಮೇಲೆ ಒಂದು ಎಕ್ಸೆಲ್ ಹಾಳೆ. ಒಂಬತ್ತು ದಿನ, ಎಂಟು ಊರು. ಬೆಳಗ್ಗೆ ಆರೂವರೆಯಿಂದ ರಾತ್ರಿ ಒಂಬತ್ತರವರೆಗೆ ಅರ್ಧ ಗಂಟೆಗೊಂದು ಮನೆ. ರೈಲಿಗೆ ನೀಲಿ, ಬೆಟ್ಟಕ್ಕೆ ಹಸಿರು, ಊಟಕ್ಕೆ ಹಳದಿ ಬಣ್ಣ. ಚೌಕಾಬಾರದ ಹಾಸಿನ ಹಾಗಿತ್ತು. ಒಂದು ಮನೆಯೂ ಖಾಲಿ ಇರಲಿಲ್ಲ.

"ಎಲ್ಲಾ ಸರಿ. ಮೋಡಕ್ಕೆ ಯಾವ ಬಣ್ಣ ಕೊಟ್ಟಿದೀಯೋ?" ಎಂದು ಕೇಳಿದೆ. ಅವನಿಗೆ ಅರ್ಥವಾಗಲಿಲ್ಲ.

ಅರ್ಥವಾಗಬೇಕಾದರೆ ನನ್ನ ಮೊದಲ ಪ್ರವಾಸದ ಕಥೆ ಹೇಳಬೇಕು. ನಿವೃತ್ತನಾದ ವರ್ಷ ನಾನೂ ನನ್ನ ಹೆಂಡತಿಯೂ ಒಂದು ಪ್ರವಾಸ ಸಂಸ್ಥೆಗೆ ದುಡ್ಡು ಕಟ್ಟಿ ಹೊರಟೆವು. ಸಂಸ್ಥೆಯ ಹೆಸರು ಬೇಡ, ಹಾಳೆಯನ್ನು ಓದದೆ ಸಹಿ ಹಾಕಿದವನು ನಾನೇ. ಹನ್ನೊಂದು ದಿನಕ್ಕೆ ಆರು ದೇಶ, ಅದರಲ್ಲಿ ಸ್ವಿಟ್ಜರ್ಲೆಂಡಿನ ಪಾಲು ಎರಡೂವರೆ ದಿನ. ಯುಂಗ್‌ಫ್ರಾವ್‌ಯೋಖ್‌ಗೆ ಬುಧವಾರ ಹತ್ತುವುದೆಂದು ಮೂರು ತಿಂಗಳ ಮೊದಲೇ ಮೈಸೂರಿನಲ್ಲಿ ಕೂತು ಗೊತ್ತುಮಾಡಲಾಗಿತ್ತು. ಬುಧವಾರ ಬಂತು, ಮೋಡವೂ ಬಂತು. 3,454 ಮೀಟರ್ ಎತ್ತರದ ಆ ರೈಲು ನಿಲ್ದಾಣದ ಗಾಜಿಗೆ ಮೂಗು ಒತ್ತಿ ನಿಂತರೆ ಆಚೆಗೆ ಕಂಡದ್ದು ಹೊಸದಾಗಿ ಸುಣ್ಣ ಬಳಿದ ಗೋಡೆ. ಅಲ್ಲೇ ಇರುವ ಬಾಲಿವುಡ್ ಎಂಬ ಹೆಸರಿನ ಹೋಟೆಲಿನಲ್ಲಿ ದಾಲ್ ತಿಂದು ಕೆಳಗಿಳಿದೆವು. "ಇದಕ್ಕಿಂತ ನಂದಿಬೆಟ್ಟ ವಾಸಿ, ಅಲ್ಲಿ ಮೋಡವಾದರೂ ಪುಕ್ಕಟೆ ಸಿಗುತ್ತೆ" ಎಂದಳು ನನ್ನ ಹೆಂಡತಿ. ಮಾರನೆಯ ಬೆಳಗ್ಗೆ ಬಸ್ಸು ಪ್ಯಾರಿಸ್ಸಿನ ಕಡೆಗೆ ಹೊರಟಾಗ ಹಿಂದಿನ ಗಾಜಿನಲ್ಲಿ ಐಗರ್, ಮ್ಯೋಂಖ್, ಯುಂಗ್‌ಫ್ರಾವ್ ಮೂರೂ ಶಿಖರಗಳು ಬಿಸಿಲಿಗೆ ಒಗೆದು ಹಾಕಿದ ಪಂಚೆಗಳಂತೆ ಬೆಳ್ಳಗೆ ಹೊಳೆಯುತ್ತಿದ್ದವು. ಮಾರ್ಗದರ್ಶಿ ಹುಡುಗ ಮೈಕಿನಲ್ಲಿ ಅಂತ್ಯಾಕ್ಷರಿ ಶುರುಮಾಡಿದ್ದ.

ಅದಕ್ಕೇ ನನ್ನ ಸೋದರಳಿಯನಿಗೆ ಮೊದಲು ಹೇಳಿದ್ದು ಇಷ್ಟು: ಯಾವ ಊರಿನಲ್ಲಿ ಎಷ್ಟು ರಾತ್ರಿ ಅನ್ನುವುದನ್ನು ಇಲ್ಲಿಂದಲೇ ಗೊತ್ತುಮಾಡು. ಯಾವ ದಿನ ಯಾವ ಬೆಟ್ಟ ಅನ್ನುವುದನ್ನು ಅಲ್ಲಿ ಬೆಳಗ್ಗೆ ಎದ್ದು ಗೊತ್ತುಮಾಡು. ಆ ದೇಶದಲ್ಲಿ ಹೆಸರಿರುವ ಎಷ್ಟೋ ಬೆಟ್ಟಗಳ ತುದಿಯಲ್ಲಿ ಕ್ಯಾಮೆರಾ ಇಟ್ಟಿದ್ದಾರೆ. ಹೋಟೆಲಿನ ಟೀವಿ ಹಾಕಿದರೆ ಒಂದು ಚಾನೆಲ್ಲಿನಲ್ಲಿ ಅದೇ ಕೆಲಸ: ಈ ಗಳಿಗೆಯಲ್ಲಿ ಯಾವ ತುದಿಯಲ್ಲಿ ಬಿಸಿಲು, ಯಾವುದರಲ್ಲಿ ಮಂಜು, ಎಷ್ಟು ಡಿಗ್ರಿ ಚಳಿ ಎಂದು ಕ್ಯಾಮೆರಾ ಮೆಲ್ಲಗೆ ಸುತ್ತುತ್ತ ತೋರಿಸುತ್ತದೆ. ಹಲ್ಲುಜ್ಜುತ್ತ ಅದನ್ನು ನೋಡಿ ಮನಸ್ಸು ಮಾಡಬಹುದು. ಆದರೆ ಮನಸ್ಸು ಮಾಡುವುದಕ್ಕೆ ಕೈಯಲ್ಲಿ ದಿನಗಳಿರಬೇಕು. ಎಂಟು ಊರು ಸುತ್ತುವವನಿಗೆ ಎಲ್ಲಿಂದ ಬರಬೇಕು?

ಎರಡನೆಯ ತಕರಾರು ತಿಂಗಳಿನದು. "ಮೇ ತಿಂಗಳಲ್ಲಿ ಆ ಬೆಟ್ಟಗಳಿಗೂ ರಜ ಕಣೋ" ಎಂದೆ. ನಕ್ಕ. ಇದು ನಗುವ ಮಾತಲ್ಲ. ನಮ್ಮ ಶಾಲೆಗಳ ಬೇಸಿಗೆ ರಜೆ ನಮ್ಮ ಬಿಸಿಲಿಗೆ ಹೊಂದಿಸಿದ್ದು, ಆಲ್ಪ್ಸ್‌ಗೆ ಅದರ ಗೊಡವೆ ಇಲ್ಲ. ಅಲ್ಲಿ ಏಪ್ರಿಲ್ ಹೊತ್ತಿಗೆ ಹೆಚ್ಚಿನ ಕಡೆ ಸ್ಕೀಯಿಂಗಿನ ಕಾಲ ಮುಗಿಯುತ್ತದೆ. ನಡಿಗೆಯ ಕಾಲ ಜೂನಿಗೆ ಶುರು. ನಡುವಿನ ಈ ಸಂದಿಯಲ್ಲಿ ಎಷ್ಟೋ ಕೇಬಲ್ ಕಾರುಗಳನ್ನು ನಿಲ್ಲಿಸಿ ಹಗ್ಗ, ಗಾಲಿ, ಬ್ರೇಕು ಬಿಚ್ಚಿ ಪರೀಕ್ಷೆ ಮಾಡುತ್ತಾರೆ. ಎತ್ತರದ ಹಳ್ಳಿಗಳ ಹೋಟೆಲಿನವರು ಬಾಗಿಲು ಹಾಕಿಕೊಂಡು ತಾವೇ ಪ್ರವಾಸ ಹೋಗುತ್ತಾರೆ. ಎರಡು ಸಾವಿರ ಮೀಟರ್ ಮೇಲಿನ ಕಾಲುದಾರಿಗಳ ಮೇಲೆ ಇನ್ನೂ ಹಿಮ ಕೂತಿರುತ್ತದೆ. ಫುರ್ಕಾ, ಗ್ರಿಮ್‌ಸೆಲ್, ಸುಸ್ಟೆನ್ ಎಂಬ ಪ್ರಸಿದ್ಧ ಘಾಟಿಗಳಲ್ಲಿ ವಾಹನ ಓಡಲು ಸಾಮಾನ್ಯವಾಗಿ ಜೂನ್ ಬರಬೇಕು. ಹಾಗೆಂದು ಮೇ ಪೂರ್ತಿ ದಂಡವಲ್ಲ. ಕಣಿವೆಗಳಲ್ಲಿ ಸೇಬಿನ ಮರ ಹೂ ಬಿಟ್ಟಿರುತ್ತದೆ, ಹಿಮ ಕರಗಿ ಜಲಪಾತಗಳು ನಮ್ಮ ಆಗಸ್ಟಿನ ಜೋಗದಂತೆ ಸೊಕ್ಕಿರುತ್ತವೆ. ಕೆಳಗೇ ಇರುವವರಿಗೆ ಮೇ ಚೆನ್ನ. ಹತ್ತಬೇಕು ಅನ್ನುವವರಿಗಲ್ಲ.

"ಹಾಗಾದ್ರೆ ಪುಟ್ಟಿ ಸ್ಕೂಲು?" ಎಂದು ಮಗಳ ಚಿಂತೆ ತೆಗೆದ. ದಸರಾ ರಜೆ ಯಾವ ಪುರುಷಾರ್ಥಕ್ಕೆ ಇದೆ? ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲರ್ಧ ಅಲ್ಲಿ ಗಾಳಿ ತಿಳಿಯಾಗಿರುತ್ತದೆ, ಹೆಚ್ಚಿನ ಕೇಬಲ್ ಕಾರುಗಳು ಓಡುತ್ತಿರುತ್ತವೆ, ಜುಲೈ–ಆಗಸ್ಟಿನ ನೂಕುನುಗ್ಗಲು ಇಳಿದಿರುತ್ತದೆ. ಅದೃಷ್ಟವಿದ್ದರೆ ದನಗಳು ಇಳಿಯುವುದನ್ನೂ ನೋಡಬಹುದು. ಆಲ್ಪ್ ಎಂದರೆ ಅಲ್ಲಿಯ ರೈತನ ಬಾಯಲ್ಲಿ ಶಿಖರವಲ್ಲ, ಬೇಸಿಗೆಯಲ್ಲಿ ದನ ಮೇಯುವ ಎತ್ತರದ ಹುಲ್ಲುಗಾವಲು. ಜೂನಿನಲ್ಲಿ ಹತ್ತಿಸಿದ ದನಗಳನ್ನು ಸೆಪ್ಟೆಂಬರಿನಲ್ಲಿ ಕೊಂಬಿನ ನಡುವೆ ಹೂವಿನ ಕಿರೀಟ ಕಟ್ಟಿ, ಕೊರಳಿಗೆ ಕೊಡದಷ್ಟು ದೊಡ್ಡ ಗಂಟೆ ಬಿಗಿದು ಹೊಡೆದುಕೊಂಡು ಬರುತ್ತಾರೆ. ಜಂಬೂಸವಾರಿಯ ಊರಿನವನಾದ ನಾನು ರಸ್ತೆ ಬದಿಯಲ್ಲಿ ನಿಂತು ಅದನ್ನು ಒಪ್ಪಿಕೊಂಡೆ.

ಪ್ರವಾಸ ಅಕ್ಟೋಬರಿಗೆ ಹೋಯಿತು. ಎಂಟು ಊರು ಮೂರಾಯಿತು: ಲೂಸರ್ನ್ ಎರಡು ರಾತ್ರಿ, ಲೌಟರ್‌ಬ್ರುನ್ನೆನ್ ಐದು, ಬಾಸೆಲ್ ಒಂದು. ಟಿಟ್ಲಿಸ್ ಬೆಟ್ಟವನ್ನು ಬಿಟ್ಟೆ ಎಂದು ಅವನ ಹೆಂಡತಿ ಮುಖ ಸಪ್ಪೆ ಮಾಡಿದಳು. ಅಲ್ಲಿ ಶಾರುಖ್ ಖಾನ್ ಮತ್ತು ಕಾಜೋಲರ ಆಳೆತ್ತರದ ರಟ್ಟಿನ ಚಿತ್ರ ನಿಲ್ಲಿಸಿದ್ದಾರಂತೆ, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಬೇಕಂತೆ. ಲೌಟರ್‌ಬ್ರುನ್ನೆನ್ ದಾರಿಯಲ್ಲೇ ಇರುವ ಇಂಟರ್‌ಲಾಕನ್‌ನಲ್ಲಿ ಯಶ್ ಚೋಪ್ರಾ ಅವರ ವಿಗ್ರಹವೇ ಇದೆ ಕಣಮ್ಮ, 2016ರಲ್ಲಿ ಇಟ್ಟದ್ದು, ರಟ್ಟಿಗಿಂತ ಕಂಚು ಮೇಲಲ್ಲವೇ ಎಂದು ಸಮಾಧಾನ ಮಾಡಿದೆ.

ಎತ್ತರದ ವಿಷಯ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಅಕ್ಕನಿಗೆ ಅರವತ್ತೆಂಟು, ಬಿಪಿ ಮಾತ್ರೆ, ಮಂಡಿ ನೋವು. ಸ್ವಿಟ್ಜರ್ಲೆಂಡ್ ಎಂದರೆ ಎಲ್ಲವೂ ಆಕಾಶದಲ್ಲಿದೆ ಎಂದು ನಾವು ತಿಳಿದಿರುತ್ತೇವೆ. ಇಂಟರ್‌ಲಾಕನ್ ಇರುವುದು 568 ಮೀಟರ್ ಎತ್ತರದಲ್ಲಿ. ನಮ್ಮ ಬೆಂಗಳೂರು ಅದಕ್ಕಿಂತ 350 ಮೀಟರ್ ಮೇಲಿದೆ! ರಾಣಿ ಎಂದು ಕರೆಸಿಕೊಳ್ಳುವ ರಿಗಿ ಬೆಟ್ಟ 1,798 ಮೀಟರ್, ನಮ್ಮ ಮುಳ್ಳಯ್ಯನಗಿರಿಗಿಂತ ಕುಳ್ಳ. ಆದರೆ ಯುಂಗ್‌ಫ್ರಾವ್‌ಯೋಖ್‌ನ ಮಾತು ಬೇರೆ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡು ಪಾಲಿನಷ್ಟೇ. ಕಣಿವೆಯಿಂದ ಒಂದೆರಡು ಗಂಟೆಯೊಳಗೆ ಹೋಗಿ ಇಳಿಯುವುದರಿಂದ ಮೈ ಹೊಂದಿಕೊಳ್ಳಲು ಹೊತ್ತು ಸಿಗುವುದಿಲ್ಲ. ನಾಲ್ಕು ಮೆಟ್ಟಿಲು ಬಿರಬಿರನೆ ಹತ್ತಿದ ನನ್ನಂಥವನಿಗೇ ತಲೆ ಗಿರ್ ಎಂದಿತ್ತು. ಡಾಕ್ಟರನ್ನು ಕೇಳದೆ ಅಕ್ಕನಿಗೆ ಅಲ್ಲಿಗೆ ಟಿಕೆಟ್ ತೆಗೆಯಬೇಡ, ಮೊದಲು ರಿಗಿ ಹತ್ತಿಸು ಎಂದೆ.

ರಿಗಿಗೆ ಹೋಗುವ ದಾರಿಯೇ ಒಂದು ಹಬ್ಬ. ಲೂಸರ್ನಿನಿಂದ ದೋಣಿಯಲ್ಲಿ ವಿಟ್ಸ್‌ನೌಗೆ ಹೋಗಿ ಅಲ್ಲಿಂದ ಹಲ್ಲುಹಳಿಯ ರೈಲು ಹಿಡಿಯಬೇಕು. 1871ರಲ್ಲಿ ಓಡಲು ಶುರುವಾದ ಇದು ಯುರೋಪಿನ ಮೊಟ್ಟಮೊದಲ ಬೆಟ್ಟದ ರೈಲು. ಎರಡು ಹಳಿಗಳ ನಡುವೆ ಏಣಿಯಂತೆ ಮಲಗಿಸಿದ ಇನ್ನೊಂದು ಹಳಿ, ಎಂಜಿನ್ನಿನ ಹೊಟ್ಟೆಯಲ್ಲಿರುವ ಹಲ್ಲುಚಕ್ರ ಅದನ್ನು ಕಚ್ಚಿಕೊಂಡು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಕಟ್ಟಿದವನು ನಿಕ್ಲೌಸ್ ರಿಗೆನ್‌ಬಾಖ್. ಊಟಿ ರೈಲಿನಲ್ಲಿ ಕೂತವರಿಗೆ ಆ ಕಟಕಟ ಸದ್ದು ಹೊಸದಲ್ಲ. ನೀಲಗಿರಿಯ ಹಳಿಯಲ್ಲಿರುವ ಹಲ್ಲಿನ ವಿನ್ಯಾಸ ರಿಗೆನ್‌ಬಾಖ್‌ನ ಕೈಕೆಳಗೆ ಪಳಗಿದ ರೋಮನ್ ಆಪ್ಟ್ ಎಂಬ ಎಂಜಿನಿಯರನದು. ಅಲ್ಲಿಯ ಹಳೆಯ ಉಗಿ ಎಂಜಿನ್‌ಗಳು ತಯಾರಾದದ್ದು ಸ್ವಿಟ್ಜರ್ಲೆಂಡಿನ ವಿಂಟರ್‌ಥೂರಿನಲ್ಲಿ. ಕೂನೂರಿಗೆ ಹತ್ತುವಾಗ ನಾವು ಅರ್ಧ ಸ್ವಿಟ್ಜರ್ಲೆಂಡಿನಲ್ಲಿ ಕೂತಿರುತ್ತೇವೆ, ಅಷ್ಟು ದುಡ್ಡಿಲ್ಲದೆ.

ಯೋಜನೆ ಹಾಕುವುದರಲ್ಲಿ ಸ್ವಿಸ್ಸರನ್ನು ಮೀರಿಸುವವರಿಲ್ಲ ಅನ್ನುತ್ತಾರಲ್ಲ, ಅವರ ಒಂದು ಯೋಜನೆಯ ಕಥೆ ಕೇಳಿ. ಆಡೋಲ್ಫ್ ಗೂಯರ್‌–ತ್ಸೆಲ್ಲರ್ ಎಂಬ ಉದ್ಯಮಿ 1893ರಲ್ಲಿ ಬೆಟ್ಟದಲ್ಲಿ ಅಡ್ಡಾಡುತ್ತಿದ್ದಾಗ ಐಗರ್ ಮತ್ತು ಮ್ಯೋಂಖ್ ಶಿಖರಗಳ ಹೊಟ್ಟೆಯೊಳಗೇ ಸುರಂಗ ಕೊರೆದು ಯುಂಗ್‌ಫ್ರಾವ್‌ಗೆ ರೈಲು ಒಯ್ಯುವ ಹುಚ್ಚು ಹಿಡಿಸಿಕೊಂಡ. ಏಳು ವರ್ಷದ ಕೆಲಸ ಎಂದು ಲೆಕ್ಕ ಹಾಕಿದರು. 1896ರಲ್ಲಿ ಅಗೆತ ಶುರುವಾಯಿತು, 1899ರಲ್ಲಿ ಅವನೇ ತೀರಿಹೋದ, ರೈಲು ಯೋಖ್ ತಲುಪಿದ್ದು 1912ರಲ್ಲಿ. ಏಳು ಎಂದದ್ದು ಹದಿನಾರಾಯಿತು. ತುದಿಯವರೆಗೆ ಅಂದುಕೊಂಡದ್ದು ಶಿಖರದ ಭುಜದಲ್ಲೇ ನಿಂತಿತು. ಯೋಖ್ ಎಂದರೆ ಎರಡು ಶಿಖರಗಳ ನಡುವಿನ ತಗ್ಗು. ಎಕ್ಸೆಲ್ ಹಾಳೆ ಹಿಡಿದು ಬಂದವನಿಗೆ ಈ ಕಥೆ ಹೇಳಿದಾಗ ಅವನು ಸ್ವಲ್ಪ ಸಡಿಲವಾದ.

ಇನ್ನು ಅಲ್ಲಿಯ ರೈಲುಗಳು. ನಿಲ್ದಾಣದ ಗಡಿಯಾರವನ್ನು ಒಂದು ನಿಮಿಷ ನಿಂತು ನೋಡಿ. 1944ರಲ್ಲಿ ಹಾನ್ಸ್ ಹಿಲ್ಫಿಕರ್ ಎಂಬ ಎಂಜಿನಿಯರ್ ರೂಪಿಸಿದ್ದು ಅದು. ಆಮೇಲೆ ಸೇರಿಸಿದ ಕೆಂಪು ಸೆಕೆಂಡ್ ಮುಳ್ಳು ಒಂದು ಸುತ್ತನ್ನು ಐವತ್ತೆಂಟೂವರೆ ಸೆಕೆಂಡಿನಲ್ಲೇ ಮುಗಿಸಿ, ಮೇಲೆ ಹನ್ನೆರಡರ ಹತ್ತಿರ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತದೆ. ನಿಮಿಷದ ಮುಳ್ಳು ಟಕ್ ಎಂದು ಜಿಗಿದ ಮೇಲೆಯೇ ಮತ್ತೆ ಹೊರಡುತ್ತದೆ. ದೇಶದ ರೈಲು ನಿಲ್ದಾಣಗಳ ಗಡಿಯಾರಗಳು ಹೀಗೆ ಕೇಂದ್ರ ಗಡಿಯಾರದ ಸಂಕೇತಕ್ಕೆ ಕಾದು ನಡೆಯುತ್ತವೆ. 1982ರಿಂದ ಅವರು ವೇಳಾಪಟ್ಟಿಯನ್ನು ಗಂಟೆಗೊಮ್ಮೆ ಮರುಕಳಿಸುವಂತೆ ಹೆಣೆದಿದ್ದಾರೆ. ಒಂದು ರೈಲಿನಿಂದ ಇಳಿದು ಇನ್ನೊಂದಕ್ಕೆ ಐದಾರು ನಿಮಿಷವಿದ್ದರೆ ಅದು ಸಾಕು ಎಂದೇ ಅರ್ಥ. ಸಾಕು, ಆದರೆ ಒಂದು ಕೈಚೀಲ ಇದ್ದವನಿಗೆ. ನಾಲ್ಕು ಜನಕ್ಕೆ ನಾಲ್ಕು ದೊಡ್ಡ ಸೂಟ್‌ಕೇಸ್, ಮೇಲೆ ಚಕ್ಕುಲಿ ಡಬ್ಬದ ಚೀಲ ಹೊತ್ತ ನಮ್ಮ ಕುಟುಂಬಗಳಿಗಲ್ಲ. ಊರು ಕಡಿಮೆ ಮಾಡು ಎಂದು ನಾನು ಹಟ ಹಿಡಿದದ್ದಕ್ಕೆ ಇದೂ ಒಂದು ಕಾರಣ.

ನನ್ನ ಎರಡನೆಯ ಪ್ರವಾಸದಲ್ಲಿ ಗಡಿಯಾರ ಸರಿಯಾಗೇ ಇತ್ತು, ತಪ್ಪಿದ್ದು ನಾನು. ಇಂಟರ್‌ಲಾಕನ್ ಓಸ್ಟ್‌ನಿಂದ ಲೌಟರ್‌ಬ್ರುನ್ನೆನ್‌ಗೆ ಹೋಗುವ ರೈಲು ನಡುವೆ ತ್ಸ್ವೈಲ್ಯುಚಿನೆನ್ ಎಂಬಲ್ಲಿ ಎರಡು ತುಂಡಾಗುತ್ತದೆ. ಅರ್ಧ ರೈಲು ಲೌಟರ್‌ಬ್ರುನ್ನೆನ್‌ಗೆ, ಇನ್ನರ್ಧ ಗ್ರಿಂಡೆಲ್‌ವಾಲ್ಡಿಗೆ. ಬೋಗಿಯ ಬಾಗಿಲಲ್ಲೇ ಬರೆದಿರುತ್ತಾರೆ. ನಾವು ಓದಲಿಲ್ಲ. ಕಿಟಕಿಯ ಬದಿ ಸೀಟು ಕಂಡಲ್ಲಿ ಟವೆಲ್ ಹಾಕುವ ಅಭ್ಯಾಸದವರು, ಹಾಗೇ ಕೂತೆವು. ಗ್ರಿಂಡೆಲ್‌ವಾಲ್ಡಿನಲ್ಲಿ ಇಳಿದಾಗ ಸಾಮಾನು ಕೈಯಲ್ಲಿ, ಹೋಟೆಲು ಪಕ್ಕದ ಕಣಿವೆಯಲ್ಲಿ. ಪುಣ್ಯಕ್ಕೆ ಆ ಊರಿನ ಬೀದಿಯಿಂದ ಐಗರ್‌ನ ಉತ್ತರದ ಗೋಡೆ ಕಾಣಿಸುತ್ತದೆ, ಮರುರೈಲಿಗೆ ಇನ್ನೂ ಇಪ್ಪತ್ತು ನಿಮಿಷ ಇತ್ತು. ನನ್ನ ಹೆಂಡತಿ ಆ ಇಪ್ಪತ್ತು ನಿಮಿಷದ ಬಗ್ಗೆ ಈಗಲೂ ಮಾತಾಡುತ್ತಾಳೆ, ಐಗರ್‌ನ ಬಗ್ಗೆ ಅಲ್ಲ.

ಟಿಕೆಟ್ಟಿನ ವಿಷಯದಲ್ಲಿ ನಮ್ಮವರು ಕಣ್ಣು ಮುಚ್ಚಿ ಸ್ವಿಸ್ ಟ್ರಾವೆಲ್ ಪಾಸ್ ಕೊಳ್ಳುತ್ತಾರೆ. ರೈಲು, ಬಸ್ಸು, ದೋಣಿ, ಐನೂರಕ್ಕೂ ಹೆಚ್ಚು ವಸ್ತುಸಂಗ್ರಹಾಲಯ ಎಲ್ಲಕ್ಕೂ ಅದು ನಡೆಯುತ್ತದೆ, ರಿಗಿಗೂ ನಡೆಯುತ್ತದೆ. ಆರರಿಂದ ಹದಿನೈದು ವರ್ಷದ ಮಕ್ಕಳಿಗೆ ಫ್ಯಾಮಿಲಿ ಕಾರ್ಡ್ ಕೇಳಿ ತೆಗೆದುಕೊಂಡರೆ ಅಪ್ಪ ಅಮ್ಮನ ಜೊತೆ ಪುಕ್ಕಟೆ. ದಿನವೂ ದೂರ ಓಡಾಡುವವರಿಗೆ ಒಳ್ಳೆಯದೇ. ಆದರೆ ಯುಂಗ್‌ಫ್ರಾವ್‌ಯೋಖ್‌ನಂಥ ದುಬಾರಿ ಬೆಟ್ಟಕ್ಕೆ ಪಾಸು ವೆಂಗನ್ ಅಥವಾ ಗ್ರಿಂಡೆಲ್‌ವಾಲ್ಡಿನವರೆಗೆ ಮಾತ್ರ, ಅಲ್ಲಿಂದ ಮೇಲಕ್ಕೆ ಕಾಲು ಭಾಗವಷ್ಟೇ ರಿಯಾಯಿತಿ. ಹಾಫ್ ಫೇರ್ ಕಾರ್ಡ್ ಎಂಬ ಇನ್ನೊಂದಿದೆ, ಒಂದು ತಿಂಗಳು ನಡೆಯುತ್ತದೆ, ಅದಿದ್ದರೆ ಅರ್ಧ ದರ. ಒಂದೇ ಊರಲ್ಲಿ ಕೂತು ಬೆಟ್ಟ ಹತ್ತುವವರಿಗೆ ಎಷ್ಟೋ ಸಲ ಇದೇ ಅಗ್ಗ. ಎಕ್ಸೆಲ್ ಹಾಳೆ ನಿಜವಾಗಿ ಕೆಲಸಕ್ಕೆ ಬರುವುದು ಇಲ್ಲಿ, ಎರಡನ್ನೂ ಕೂಡಿಸಿ ನೋಡುವುದಕ್ಕೆ.

ವೀಸಾ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸ್ವಿಟ್ಜರ್ಲೆಂಡ್ ಯುರೋಪಿಯನ್ ಒಕ್ಕೂಟದಲ್ಲಿಲ್ಲ, ಆದರೆ 2008ರಿಂದ ಷೆಂಗೆನ್ ಕೂಟದಲ್ಲಿದೆ. ಹೊರಡುವ ಆರು ತಿಂಗಳೊಳಗೆ ಅರ್ಜಿ, ಕನಿಷ್ಠ 30,000 ಯೂರೋದ ಆರೋಗ್ಯ ವಿಮೆ, ಹೆಚ್ಚು ರಾತ್ರಿ ಉಳಿಯುವುದು ಯಾವ ದೇಶದಲ್ಲೋ ಆ ದೇಶಕ್ಕೆ ಅರ್ಜಿ. ರಜೆಯ ಕಾಲದಲ್ಲಿ ತಾರೀಕು ಸಿಗುವುದೇ ಕಷ್ಟ, ಕೊನೆಯ ವಾರಕ್ಕೆ ಇಟ್ಟುಕೊಂಡು ಒದ್ದಾಡಬೇಡಿ.

ಊಟಕ್ಕೆ ಬರೋಣ. ಒಂದು ಫ್ರಾಂಕ್ ನೂರು ರೂಪಾಯಿ ದಾಟಿದೆ, ಒಂದು ಕಾಫಿಗೆ ಐದು ಫ್ರಾಂಕಿನ ಆಸುಪಾಸು. ಗುಣಾಕಾರ ಮಾಡಿದರೆ ಗಂಟಲಲ್ಲಿ ಇಳಿಯುವುದಿಲ್ಲ. ಆದ್ದರಿಂದ ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿದು, ಮಿಗ್ರೋಸ್ ಅಥವಾ ಕೋಪ್ ಅಂಗಡಿಯಲ್ಲಿ ಅಕ್ಕಿ, ಮೊಸರು, ತರಕಾರಿ ತರುವುದು ಜಾಣತನ. ಭಾನುವಾರ ಹೆಚ್ಚಿನ ಅಂಗಡಿ ಮುಚ್ಚಿರುತ್ತವೆ, ಶನಿವಾರವೇ ನೆನಪಿಡಿ. ನೀರಿನ ಬಾಟಲಿಗೆ ಕಾಸು ಹಾಕಬೇಡಿ, ಬೀದಿಯ ಕಾರಂಜಿಯಲ್ಲಿ ಬರುವುದೇ ಬೆಟ್ಟದ ನೀರು. ಕುಡಿಯಬಾರದ್ದಾದರೆ ಫಲಕ ಹಾಕಿರುತ್ತಾರೆ. ಪೂರ್ತಿ ಸಸ್ಯಾಹಾರಿಗಳಿಗೆ ಎರಡು ಎಚ್ಚರಿಕೆ: ಫಾಂಡ್ಯೂಗೆ ಬಿಳಿ ವೈನ್ ಸೇರಿಸಿ ಕುದಿಸುತ್ತಾರೆ, ಗ್ರುಯೇರ್‌ನಂಥ ಸಾಂಪ್ರದಾಯಿಕ ಚೀಸನ್ನು ಹೆಪ್ಪುಗಟ್ಟಿಸುವುದು ಕರುವಿನ ಹೊಟ್ಟೆಯ ಕಿಣ್ವದಿಂದ. ಆಲೂಗಡ್ಡೆ ತುರಿದು ಹುರಿದ ರೋಸ್ಟಿ ಸಿಗುತ್ತದೆ, ಬೇಕನ್ ಬೇಡ ಎಂದು ಹೇಳಬೇಕು, ಅಷ್ಟೆ. ಇಲ್ಲಿಂದ ತುಪ್ಪ, ಪೇಡ, ಇನ್ಯಾವುದೇ ಹಾಲಿನ ಪದಾರ್ಥ ಒಯ್ಯುವುದಕ್ಕೆ ಅಲ್ಲಿಯ ಸುಂಕದವರು ಬಿಡುವುದಿಲ್ಲ. ಅಕ್ಕ ಇದನ್ನು ಕೇಳಿ "ತುಪ್ಪ ಇಲ್ಲದೆ ಒಂಬತ್ತು ದಿನವೇ?" ಎಂದು ಪ್ರವಾಸವನ್ನೇ ರದ್ದು ಮಾಡುವ ಮಟ್ಟಕ್ಕೆ ಹೋದಳು. ಗೊಜ್ಜವಲಕ್ಕಿ ಪುಡಿಗೂ ಚಟ್ನಿಪುಡಿಗೂ ಅಡ್ಡಿಯಿಲ್ಲ ಎಂದ ಮೇಲೆ ತಣ್ಣಗಾದಳು. ಒಗ್ಗರಣೆ ಹಾಕುವಾಗ ಕಿಟಕಿ ತೆಗೆದಿಟ್ಟುಕೋ, ಇಲ್ಲದಿದ್ದರೆ ಹೊಗೆಗೆ ಅಲಾರಂ ಹೊಡೆದುಕೊಳ್ಳುತ್ತೆ ಎಂದೂ ಹೇಳಿ ಕಳಿಸಿದೆ.

ಬಾಸೆಲ್ ಯಾಕೆ, ಅಲ್ಲಿ ಬೆಟ್ಟವೇ ಇಲ್ಲವಲ್ಲ ಎಂದು ಸೋದರಳಿಯ ಕೇಳಿದ್ದ. ತೀರ್ಥಹಳ್ಳಿ ಕಡೆಯ ನಮ್ಮ ಅಜ್ಜನ ಮನೆಯ ಮಾಡು ಬಿಚ್ಚಿಸಿದಾಗ ಇಳಿಸಿದ ಒಂದು ಹೆಂಚನ್ನು ನಾನು ಇಟ್ಟುಕೊಂಡಿದ್ದೇನೆ. ಅದನ್ನು ತಂದು ಬೆನ್ನು ತಿರುಗಿಸಿ ತೋರಿಸಿದೆ. ಇಂಗ್ಲಿಷ್ ಅಕ್ಷರದಲ್ಲಿ ಅಚ್ಚೊತ್ತಿದೆ: ಬಾಸೆಲ್ ಮಿಷನ್. ರೈನ್ ನದಿಯ ದಡದ ಈ ಊರಿನಲ್ಲಿ 1815ರಲ್ಲಿ ಹುಟ್ಟಿದ ಸಂಸ್ಥೆಯ ಜನ 1834ರಲ್ಲಿ ಮಂಗಳೂರಿಗೆ ಬಂದರು. ಅವರ ಬೆನ್ನಿಗೇ ಬಂದ ಹರ್ಮನ್ ಮೋಗ್ಲಿಂಗ್ 1843ರಲ್ಲಿ 'ಮಂಗಳೂರು ಸಮಾಚಾರ' ಹೊರಡಿಸಿದ, ಕನ್ನಡದ ಮೊದಲ ಪತ್ರಿಕೆ. 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರುವಾಯಿತು. ಬಾಸೆಲ್‌ನ ಮಿಷನ್ ಶಾಲೆಯಲ್ಲಿ ಓದಿ 1853ರಲ್ಲಿ ಇಲ್ಲಿಗೆ ಬಂದ ಫರ್ಡಿನಾಂಡ್ ಕಿಟ್ಟೆಲ್ 1894ರಲ್ಲಿ ನಮ್ಮ ಕೈಗೆ ನಿಘಂಟು ಇಟ್ಟ. ಮಿಷನ್ನಿನ ಹಳೆಯ ಕಟ್ಟಡ ಇರುವ ರಸ್ತೆಗೆ ಇವತ್ತಿಗೂ ಮಿಷನ್ಸ್‌ಷ್ಟ್ರಾಸೆ ಎಂದೇ ಹೆಸರು, ಅವರ ಕಾಗದಪತ್ರ, ಹಳೆಯ ಫೋಟೋಗಳ ಭಂಡಾರವೂ ಆ ಊರಿನಲ್ಲೇ ಇದೆ. ಸಂಶೋಧಕರಾದರೆ ಮೊದಲೇ ಬರೆದು ಕೇಳಿಕೊಂಡು ಹೋಗುವುದು ವಾಸಿ. ನನ್ನಂಥವರಿಗೆ ಆ ರಸ್ತೆಯಲ್ಲಿ ಒಂದು ಸಲ ನಡೆದರೆ ಸಾಕು. ಬಾಸೆಲ್‌ನ ಹೋಟೆಲಿನಲ್ಲಿ ಉಳಿದವರಿಗೆ ಊರೊಳಗಿನ ಟ್ರಾಮು, ಬಸ್ಸು ಪುಕ್ಕಟೆ, ಅದಕ್ಕೊಂದು ಕಾರ್ಡು ಕೊಡುತ್ತಾರೆ.

ಅಕ್ಟೋಬರಿನಲ್ಲಿ ನಾಲ್ವರೂ ಹೊರಟರು. ಹೊಸ ಹಾಳೆಯಲ್ಲಿ ಲೌಟರ್‌ಬ್ರುನ್ನೆನ್‌ನ ಐದು ದಿನದಲ್ಲಿ ಎರಡಕ್ಕೆ ಬಣ್ಣವೇ ಇರಲಿಲ್ಲ. ಎರಡನೆಯ ದಿನ ಬೆಳಗ್ಗೆ ಅವನ ಫೋಟೋ ಬಂತು: ಕಿಟಕಿಯಾಚೆ ಅದೇ ಸುಣ್ಣದ ಗೋಡೆ. "ಮಾವ, ಮೋಡ ಬಂದಿದೆ, ಬೂದು ಬಣ್ಣ ಹಾಕಿದೀನಿ" ಎಂದು ಬರೆದಿದ್ದ. ಆ ದಿನ ಬೆಟ್ಟದ ಹೊಟ್ಟೆಯೊಳಗೇ ಧುಮುಕುವ ಟ್ರುಮ್ಮೆಲ್‌ಬಾಖ್ ಜಲಪಾತ ನೋಡಿದರಂತೆ. ಐಗರ್, ಮ್ಯೋಂಖ್, ಯುಂಗ್‌ಫ್ರಾವ್ ಮೂರರ ಹಿಮನದಿಗಳ ನೀರೂ ಅಲ್ಲೇ ಬಂಡೆ ಕೊರೆದುಕೊಂಡು ಇಳಿಯುತ್ತದೆ. ಅದಕ್ಕೆ ಬಿಸಿಲಿನ ಹಂಗಿಲ್ಲ. ನಾಲ್ಕನೆಯ ದಿನ ಆಕಾಶ ತೊಳೆದಿಟ್ಟಂತೆ ಬಂದಾಗ ಗಂಡ ಹೆಂಡತಿ ಮಗು ಯೋಖ್‌ಗೆ ಹೋದರು, ಅಕ್ಕ ಹೋಗಲಿಲ್ಲ. ಹಳದಿ ಕೈಮರ ನೋಡಿಕೊಂಡು ಒಬ್ಬಳೇ ಕಣಿವೆಯಲ್ಲಿ ನಡೆದಳಂತೆ. ಆ ಕೈಮರಗಳ ಮೇಲೆ ಎಷ್ಟು ಕಿಲೋಮೀಟರ್ ಎಂದಿರುವುದಿಲ್ಲ, ಎಷ್ಟು ಹೊತ್ತು ಎಂದಿರುತ್ತದೆ. "ನಲವತ್ತು ನಿಮಿಷ ಅಂತ ಬರೆದಿದ್ರು, ನಂಗೆ ಒಂದೂವರೆ ಗಂಟೆ ಆಯ್ತು, ಯಾರೂ ಕೇಳಲಿಲ್ಲ" ಎಂದಳು ಬಂದ ಮೇಲೆ.

ಊರಿನ ತಲೆಯ ಮೇಲೇ ಬೀಳುವ ಸ್ಟೌಬ್‌ಬಾಖ್ ಹೇಗಿತ್ತು ಎಂದು ಕೇಳಿದೆ.

"ನಮ್ಮ ಜೋಗದ ಮುಂದೆ ಏನೂ ಇಲ್ಲ ಬಿಡು."

"ಅಕ್ಕಾ, ಜೋಗ 253 ಮೀಟರ್, ಅದು 297. ನಲವತ್ತನಾಲ್ಕು ಮೀಟರ್ ಜಾಸ್ತಿ" ಎಂದೆ.

"ಅಳೆದೋರು ನೀರನ್ನ ಎಲ್ಲಿ ಅಳೆದ್ರೋ, ಬಂಡೆ ಅಳೆದಿರಬೇಕು. ನಾನು ಕೆಳಗೆ ಬೆಂಚಿನ ಮೇಲೆ ಗೊಜ್ಜವಲಕ್ಕಿ ತಿನ್ನುತ್ತಾ ಒಂದು ಗಂಟೆ ಕೂತಿದ್ದೆ ಕಣೋ. ಅರ್ಧ ದಾರೀಲೇ ಗಾಳಿ ಹೊತ್ಕೊಂಡು ಹೋಗುತ್ತೆ, ಒಂದು ಹನಿ ನೆಲಕ್ಕೆ ಬಿದ್ದಿದ್ದು ನಾನು ನೋಡಲಿಲ್ಲ."